ತೀರ್ಪು ಕೈಗೆ ಬರುವ ಹೊತ್ತಿಗೆ

ಹೊಸ ಫೋನಿನ ಮೇಲೆ ಅಕ್ಕನ ಹೆಸರು ಕಂಡಾಗ ಟೈಲರಮ್ಮನಿಗೆ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಡುವುದೂ ಮರೆತುಹೋಯಿತು. ಯಾರದೋ ಬಿಳಿ ಅಂಗಿಯ ತೋಳು ಕಂದಿತು. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕ ತಾನಾಗಿಯೇ ಫೋನ್ ಮಾಡಿದ್ದಳು.

"ಅಕ್ಕಾ!" ಎಂದಳು.

"ಹಲೋ? ಕೇಳಿಸ್ತಿದೆಯೇನೇ?"

"ಕೇಳಿಸ್ತಿದೆ ಹೇಳಕ್ಕಾ, ಚೆನ್ನಾಗಿದೀಯಾ?"

"ಹಲೋ... ನಾನು ಕಣೇ. ಮಾತಾಡು."

ಟೈಲರಮ್ಮ ಗಂಟಲು ಹರಿಯುವಂತೆ ಕೂಗಿದಳು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅಕ್ಕನ ಉಸಿರು ಕೂಡ ಈ ಕಡೆ ಸ್ಪಷ್ಟವಾಗಿ ಕೇಳುತ್ತಿತ್ತು. ಈ ಕಡೆಯದು ಒಂದಕ್ಷರವೂ ಆ ಕಡೆ ಹೋಗುತ್ತಿರಲಿಲ್ಲ.

"ಎತ್ತಿಕೊಂಡು ಸುಮ್ನೆ ಕೂತಿದೀಯಲ್ಲ. ಇನ್ನೂ ಸಿಟ್ಟು ಇಳಿದಿಲ್ಲ ಅನ್ನು," ಎಂದಳು ಅಕ್ಕ. ಸ್ವಲ್ಪ ಹೊತ್ತು ಕಾದಳು. ಆಮೇಲೆ ಸೋತ ದನಿಯಲ್ಲಿ, "ಆಯ್ತು ಬಿಡು. ನಾನೇ ಫೋನ್ ಮಾಡಬಾರದಿತ್ತು," ಎಂದು ಕರೆ ಕಡಿದಳು.

ಟೈಲರಮ್ಮ ಕೂಡಲೇ ತಿರುಗಿ ಮಾಡಿದಳು. ಅಕ್ಕ ಎತ್ತಿದಳು, ಹಲೋ ಹಲೋ ಎಂದಳು, ಮತ್ತೆ ಅದೇ ಕಥೆ. ಪಕ್ಕದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಗೆಳತಿಯ ಹತ್ತಿರ ಓಡಿ, ಅವಳ ಫೋನಿಗೆ ತನ್ನ ಸಿಮ್ ಹಾಕಿ ಇನ್ನೊಮ್ಮೆ ಮಾಡಿದಳು. ಈ ಸಲ ಅಕ್ಕ ಎತ್ತಲೇ ಇಲ್ಲ. ರಿಂಗ್ ಆಗುತ್ತಿದ್ದ ಹಾಗೆಯೇ ಕಟ್ ಮಾಡಿದಳು. ಭಾವನಿಗೆ ಮಾಡಿದರೆ ಸ್ವಿಚ್ ಆಫ್.

"ಗಂಡ ಹೆಂಡತಿ ಸೇರಿ ನನ್ನನ್ನ ದೂರ ಇಟ್ಟರು," ಎಂದು ಟೈಲರಮ್ಮ ಗೆಳತಿಯ ಮುಂದೆ ಮೂಗು ಒರೆಸಿಕೊಂಡಳು.

ಅವಳಿಗೆ ಕತ್ತರಿ ಹಿಡಿಯಲು ಕಲಿಸಿದವನೇ ಭಾವ. ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದ ನಾದಿನಿಯನ್ನು ತನ್ನ ಅಂಗಡಿಗೆ ಕರೆದುಕೊಂಡು ಹೋಗಿ, ಗುಂಡಿ ಹೊಲಿಯುವುದರಿಂದ ಕೋಟು ಕತ್ತರಿಸುವವರೆಗೆ ಎಲ್ಲ ಹೇಳಿಕೊಟ್ಟಿದ್ದ. ಬಾಯಿಬಡುಕ ಮನುಷ್ಯ. ಅಳತೆ ಕೊಡಲು ಬಂದವರ ಹೊಟ್ಟೆಗೆ ಟೇಪು ಸುತ್ತುತ್ತಾ, "ಇದಕ್ಕೆ ಬಟ್ಟೆ ಸಾಲಲ್ಲ ಸ್ವಾಮಿ, ಟೆಂಟಿನ ಅಂಗಡಿಗೆ ಹೋಗಿ," ಎನ್ನುತ್ತಿದ್ದ. ಬೈಸಿಕೊಂಡವರೇ ಮುಂದಿನ ತಿಂಗಳು ಮತ್ತೊಂದು ಪ್ಯಾಂಟು ಹೊಲಿಸುತ್ತಿದ್ದರು. ಅಂಥ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೇ, "ನಿಮ್ಮ ಕಟಿಂಗ್ ಹಳೇದಾಯ್ತು ಭಾವ, ಈಗ ಯಾರೂ ಇಂಥದ್ದು ಹಾಕ್ಕೊಳಲ್ಲ," ಎಂದು ಟೈಲರಮ್ಮ ಹೇಳಿಬಿಟ್ಟಿದ್ದಳು. ಭಾವ ನಕ್ಕ. ಅಕ್ಕ ನಗಲಿಲ್ಲ. ಮಾತಿಗೆ ಮಾತು ಬೆಳೆಯಿತು. "ಕೈ ಹಿಡಿದು ಕಲಿಸಿದವರಿಗೆ ಹೀಗಂತೀಯಲ್ಲ," ಎಂದು ಅಕ್ಕ ಅತ್ತಳು. ಟೈಲರಮ್ಮ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಬಂದು ತನ್ನದೇ ಬೋರ್ಡು ಹಾಕಿಕೊಂಡಳು.

ಫೋನ್ ಕೊಟ್ಟ ಅಂಗಡಿಗೆ ಹೋದಾಗ ಮಾಲೀಕ ಅದನ್ನು ಮುಟ್ಟಲೂ ಇಲ್ಲ. "ಮಾರೋದಷ್ಟೇ ನಮ್ಮ ಕೆಲಸ ಮೇಡಂ. ಬಾಕಿದು ಸರ್ವಿಸ್ ಸೆಂಟರ್‌ನಲ್ಲಿ," ಎಂದ. ಕೊಳ್ಳಲು ಹೋದಾಗ ಕುರ್ಚಿ ಹಾಕಿ ಕೂರಿಸಿ ತಂಪು ನೀರು ಕೊಟ್ಟವನು ಅವನೇ.

ಸರ್ವಿಸ್ ಸೆಂಟರಿನಲ್ಲಿ ಟೋಕನ್ ಹಿಡಿದು ಕೂತಳು. ಗಾಜಿನ ಹಿಂದಿದ್ದ ಹುಡುಗಿ ಫೋನನ್ನು ಒಳಗೆ ಕಳಿಸಿ, ತರಿಸಿಕೊಂಡು, ಮುಖ ಎತ್ತದೆ ಹೇಳಿದಳು: "ತೇವ ಹೋಗಿದೆ. ವಾರಂಟಿಗೆ ಬರಲ್ಲ."

"ನೀರಿನ ಹತ್ತಿರಕ್ಕೂ ಒಯ್ದಿಲ್ಲಮ್ಮ."

"ಏನು ಕೆಲಸ ಮಾಡ್ತೀರಿ?"

"ಟೈಲರಿಂಗು."

"ಇಸ್ತ್ರಿ ಮಾಡ್ತೀರಲ್ಲ? ಆವಿ ಹೋಗಿರತ್ತೆ," ಎಂದು ಹುಡುಗಿ ಮುಂದಿನ ಟೋಕನ್ ಕರೆದಳು.

ಟೈಲರಮ್ಮನಿಗೆ ರೇಗಿದ್ದು ಅಲ್ಲಿ. ಹೊಸ ವಸ್ತು ಕೆಟ್ಟಿದ್ದು ಒಂದು ಕಡೆ ಇರಲಿ, ತಪ್ಪನ್ನು ತನ್ನ ತಲೆಗೆ ಕಟ್ಟುತ್ತಿದ್ದಾರೆ. ಅಕ್ಕನೂ ಅದನ್ನೇ ಮಾಡಿದ್ದಳು. "ನಂದೇನೂ ತಪ್ಪಿಲ್ಲ ಅಂತ ಬರೆಸಿಕೊಂಡೇ ತೀರ್ತೀನಿ," ಎಂದು ಗೆಳತಿಯ ಹತ್ತಿರ ಹಟ ಹಿಡಿದಳು.

"ಗ್ರಾಹಕರ ಕೋರ್ಟಿಗೆ ಹಾಕು. ವಕೀಲರೂ ಬೇಡ, ನೀನೇ ಮಾತಾಡಬಹುದು," ಎಂದಳು ಗೆಳತಿ. ಇಬ್ಬರೂ ಕೂತು ದೂರು ಬರೆದರು. ಬಿಲ್ಲು, ವಾರಂಟಿ ಕಾರ್ಡು, ಸರ್ವಿಸ್ ಸೆಂಟರಿನ ಚೀಟಿ, ಎಲ್ಲದಕ್ಕೂ ನಕಲು ಆಯಿತು. ಮುಗಿದ ಮೇಲೆ ಗೆಳತಿ ಮೆಲ್ಲಗೆ ಕೇಳಿದಳು: "ಇದೆಲ್ಲ ಸರಿ. ನಿಮ್ಮಕ್ಕನ ಮನೆಗೆ ಒಂದ್ಸಲ ಹೋಗಿಬರಬಾರದಾ? ಬೆಳಗ್ಗೆ ಬಸ್ ಹತ್ತಿದರೆ ಊಟದ ಹೊತ್ತಿಗೆ ಅಲ್ಲಿರ್ತೀಯ."

"ಹೋಗಿ ಏನನ್ನಲಿ? ಫೋನ್ ಕೆಟ್ಟಿತ್ತು ಅಂದರೆ ನಂಬ್ತಾಳಾ? ಹೊಸ ಫೋನು ಹೆಂಗೆ ಕೆಡತ್ತೆ, ಸುಳ್ಳು ಹೇಳ್ತೀಯಾ ಅಂತಾಳೆ. ತೀರ್ಪು ಬರಲಿ. ಮುಖಕ್ಕೆ ಹಿಡೀತೀನಿ."

ಗೆಳತಿ ನಕಲುಗಳನ್ನು ಜೋಡಿಸಿ ಪಿನ್ನು ಹೊಡೆದಳು.

ಕೇಸು ಎಳೆಯಿತು. ಒಂದು ಸಲ ಕಂಪನಿಯವರು ಬರಲಿಲ್ಲ, ಇನ್ನೊಂದು ಸಲ ಕಾಲಾವಕಾಶ ಕೇಳಿದರು. ಟೈಲರಮ್ಮ ಮಾತ್ರ ಒಂದು ದಿನವನ್ನೂ ತಪ್ಪಿಸಲಿಲ್ಲ. ಶಾಲೆಯ ಸಮವಸ್ತ್ರಗಳ ರಾಶಿಯನ್ನು ಹಾಗೇ ಬಿಟ್ಟು, ಅಂಗಡಿ ಮುಚ್ಚಿ, ಕೋರ್ಟಿನ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಫೋನನ್ನು ಪರೀಕ್ಷೆಗೆ ಕಳಿಸಿ ಎಂದು ಅವಳೇ ಕೇಳಿಕೊಂಡಳು. ತೇವದ ಗುರುತಿಲ್ಲ, ಮೈಕಿನ ಜೋಡಣೆ ತಯಾರಿಕೆಯಲ್ಲೇ ಸರಿಯಿಲ್ಲ ಎಂದು ವರದಿ ಬಂತು.

ಅಷ್ಟಾದರೂ ಕಂಪನಿಯ ವಕೀಲ ಪಟ್ಟು ಬಿಡಲಿಲ್ಲ. ಫೋನಿನಿಂದಾಗಿ ಒಡಹುಟ್ಟಿದವಳ ಜೊತೆ ಮಾತು ಕೆಟ್ಟಿತು, ಮನಸ್ಸಿಗೆ ನೋವಾಯಿತು ಎಂದು ಅವಳು ದೂರಿನಲ್ಲಿ ಬರೆಸಿದ್ದಳು. ಅದನ್ನೇ ಹಿಡಿದುಕೊಂಡ.

"ನಿಮ್ಮ ಅಕ್ಕ ಎಷ್ಟು ದೂರ ಇದಾರೆ?"

"ಅರ್ಧ ದಿನದ ದಾರಿ."

"ಬಸ್ಸಿದೆಯಾ?"

"ಇದೆ."

"ಹಾಗಾದರೆ ಇಷ್ಟು ದಿನ ಆದರೂ ಯಾಕೆ ಹೋಗಲಿಲ್ಲ?"

"ಫೋನ್ ಕೆಟ್ಟಿದ್ದರ ಬಗ್ಗೆ ಮಾತ್ರ ಕೇಳಿ," ಎಂದು ಕೋರ್ಟಿನ ಅಧ್ಯಕ್ಷರು ವಕೀಲನನ್ನು ತಡೆದರು. ಟೈಲರಮ್ಮ ಉತ್ತರ ಹೇಳಬೇಕಾಗಲಿಲ್ಲ. ಆದರೆ ಹೊರಗೆ ಬಂದವಳು ನೇರ ಅಂಗಡಿಗೆ ಹೋಗಲಿಲ್ಲ. ಬಸ್ ನಿಲ್ದಾಣದಲ್ಲಿ ಅಕ್ಕನ ಊರಿನ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ಅದರ ಮುಂದೆ ನಿಂತಳು. ಕಂಡಕ್ಟರ್, "ಹತ್ತೋದಾದರೆ ಹತ್ತಮ್ಮ," ಎಂದ. ಇನ್ನೇನು ತೀರ್ಪು ಬಂದೇಬಿಡುತ್ತದೆ, ಬರಿಗೈಲಿ ಯಾಕೆ ಹೋಗಲಿ ಎಂದುಕೊಂಡು ಹಿಂದೆ ಸರಿದಳು.

ತೀರ್ಪು ಅವಳ ಕಡೆಗೇ ಆಯಿತು. ಹೊಸ ಫೋನ್ ಕೊಡಬೇಕು, ಪರಿಹಾರವನ್ನೂ ಕೊಡಬೇಕು, ಗ್ರಾಹಕರ ತಪ್ಪೇನೂ ಇಲ್ಲ. ಈ ಕೊನೆಯ ಮಾತನ್ನು ಅವಳು ಗೆಳತಿಯಿಂದ ಎರಡು ಸಲ ಓದಿಸಿಕೊಂಡಳು. ಮರುದಿನವೇ ಬಸ್ ಹತ್ತಿದಳು.

ಬಾಗಿಲು ತೆರೆದ ಅಕ್ಕ ಬೆರಗಾಗಿ ನಿಂತಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಟೈಲರಮ್ಮ ಚಪ್ಪಲಿಯನ್ನೂ ಬಿಡದೆ ಚೀಲದಿಂದ ತೀರ್ಪು ತೆಗೆದಳು. "ನೋಡು, ಕೋರ್ಟೇ ಹೇಳಿದೆ. ಅವತ್ತು ನಾನು ಕೂಗಿ ಕೂಗಿ ಸತ್ತೆ ಕಣಕ್ಕಾ. ಫೋನೇ ಕೆಟ್ಟಿತ್ತು."

ಅಕ್ಕ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಇದನ್ನ ತೋರಿಸೋಕೆ ಬಂದ್ಯಾ?" ಎಂದಳು. ಆಮೇಲೆ, "ಒಳಗೆ ಬಾ. ನಿಮ್ಮ ಭಾವ ಎದ್ದಿದಾರೆ."

ಭಾವ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ. ಕತ್ತಿಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿತ್ತು. ನಾದಿನಿಯನ್ನು ಕಂಡು ಮುಖ ಅರಳಿತು, ಬಾಯಿ ತೆರೆಯಿತು, ತುಟಿಗಳು ಆಡಿದವು. ದನಿ ಬರಲಿಲ್ಲ. ಬಟ್ಟೆಯ ಅಡಿಯಿಂದ ಗಾಳಿ ಬುಸ್ಸೆಂದಿತು.

"ಗಂಟಲಲ್ಲಿ ಗಡ್ಡೆ ಆಗಿತ್ತು," ಎಂದಳು ಅಕ್ಕ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. "ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು ಅಂದರು. ಆಪರೇಷನ್ನಿನ ಹಿಂದಿನ ದಿನ ಇವರೇ ಹಟ ಮಾಡಿದರು, ಅವಳಿಗೆ ಫೋನ್ ಮಾಡು, ದನಿ ಇರೋವಾಗಲೇ ಒಂದು ಮಾತು ಹೇಳಬೇಕು ಅಂತ. ನೀನು ಸುಮ್ಮನಿದ್ದೆ. ಅಂದರೆ... ನಾನು ಹಾಗಂದ್ಕೊಂಡೆ."

ಟೈಲರಮ್ಮ ತೀರ್ಪನ್ನು ಮಡಚಿ ಚೀಲಕ್ಕೆ ತುರುಕಿದಳು. "ಆಮೇಲಾದರೂ ಯಾರ ಕೈಲಾದರೂ ಹೇಳಿ ಕಳಿಸಬಾರದಿತ್ತಾ?"

"ಯಾರೂ ಹೇಳಬೇಡಿ ಅಂತ ನಾನೇ ಎಲ್ಲರ ಬಾಯಿ ಕಟ್ಟಿದ್ದೆ. ನಂಗೂ ಹಟ ಕಣೇ, ನಿನ್ನ ಅಕ್ಕ ಅಲ್ವಾ." ಅಕ್ಕನ ಕಣ್ಣು ತುಂಬಿ ಬಂತು. "ನೀನು ಬಂದು ಬಾಗಿಲಲ್ಲಿ ನಿಂತು ಬೈದಿದ್ದರೂ ಸಾಕಿತ್ತು. ನಂಬಿಸೋಕೆ ಕೋರ್ಟು ಬೇಕಿತ್ತಾ?"

ಟೈಲರಮ್ಮ ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದು ಕೂತು ಭಾವನ ಮೊಣಕಾಲು ಹಿಡಿದಳು. "ಏನು ಹೇಳಬೇಕು ಅಂದ್ಕೊಂಡಿದ್ರಿ ಭಾವ?"

ಅವನು ಅವಳನ್ನು ನೋಡಿ ನಕ್ಕ. ಕೈಯನ್ನು ಗಾಳಿಯಲ್ಲಿ ಹಾಗೆ ಆಡಿಸಿದ, ಏನೂ ಇಲ್ಲ ಹೋಗಲಿ ಬಿಡು ಎಂಬಂತೆ.

"ನನಗೂ ಹೇಳಲಿಲ್ಲ," ಎಂದಳು ಅಕ್ಕ. "ಅದು ನಂದೂ ಅವಳದೂ ಮಾತು ಅಂದರು. ಆಮೇಲೆ ಬರೆದುಕೊಡಿ ಅಂತ ಪೆನ್ನು ಕೊಟ್ಟರೆ, ಬರೆಯೋ ಮಾತಲ್ಲ ಅದು ಅಂತ ಕೈ ಆಡಿಸ್ತಾರೆ."

ಸಂಜೆ ಅಂಗಡಿ ತೆರೆಯಲು ಭಾವ ಎದ್ದ. ಹೊಲಿಗೆ ನಿಂತಿರಲಿಲ್ಲ, ಕೈಗಳಿಗೆ ಏನೂ ಆಗಿರಲಿಲ್ಲ. ಟೈಲರಮ್ಮನೂ ಜೊತೆಗೆ ಹೋಗಿ ಹಳೆಯ ಮಿಷನ್ನಿನ ಮುಂದೆ ಕೂತಳು. ದಪ್ಪನೆಯ ಗಿರಾಕಿಯೊಬ್ಬ ಪ್ಯಾಂಟಿನ ಬಟ್ಟೆ ತಂದ. ಭಾವ ಅವನ ಸೊಂಟಕ್ಕೆ ಟೇಪು ಸುತ್ತಿ, ಅಂಕಿ ನೋಡಿ, ಹುಬ್ಬು ಹಾರಿಸಿ ನಾದಿನಿಯ ಕಡೆ ತಿರುಗಿದ. ಗಿರಾಕಿಯೂ ಬೈಸಿಕೊಳ್ಳಲು ತಯಾರಾಗಿ, ಅರ್ಧ ನಗುತ್ತಾ ಅವಳನ್ನೇ ನೋಡಿದ.

ಅವಳಿಗೆ ಒಂದು ಮಾತೂ ಹೊಳೆಯಲಿಲ್ಲ.

"ನಾಳಿದ್ದು ಬನ್ನಿ," ಎಂದಳು. ಭಾವ ಸೀಮೆಸುಣ್ಣ ತೆಗೆದುಕೊಂಡು ಬಟ್ಟೆಯ ಮೇಲೆ ಗೆರೆ ಎಳೆಯಲು ಬಾಗಿದ.