ಮಿಂಚಿನ ಕಡೆಗೆ ತಿರುಗಿದ ಮುಳ್ಳು

ನನಗಿರುವುದು ಒಂದೇ ಮುಳ್ಳು. ಅದಕ್ಕೇ ನನ್ನನ್ನು ಕೆಟ್ಟುಹೋದ ಗಡಿಯಾರವೆಂದು ತಿಳಿದವರೇ ಹೆಚ್ಚು. ನಾನು ವಿಮಾನದ ಒಂದು ರೇಡಿಯೊ ದಿಕ್ಸೂಚಿ. ನೆಲದ ಮೇಲಿನ ಕೇಂದ್ರವೊಂದು ಬಿಡುವಿಲ್ಲದೆ ರೇಡಿಯೊ ಅಲೆಗಳನ್ನು ಕಳಿಸುತ್ತದೆ. ವಿಮಾನದ ಆಂಟೆನಾ ಅವನ್ನು ಹಿಡಿದುಕೊಡುತ್ತದೆ. ಆ ಕೇಂದ್ರ ಎತ್ತ ಇದೆಯೋ ಅತ್ತ ನನ್ನ ಮುಳ್ಳು ತಿರುಗಿ ನಿಲ್ಲುತ್ತದೆ. ನನಗೆ ಗೊತ್ತಿರುವ ವಿದ್ಯೆ ಇಷ್ಟೇ.

ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ, ಯುದ್ಧದ ಕಾಲದಲ್ಲಿ. ನನ್ನೊಂದಿಗೆ ಸಾವಿರಾರು ಒಡಹುಟ್ಟಿದವರಿದ್ದರು; ಯಾರು ಎಲ್ಲಿ ಬಿದ್ದರೋ ಅರಿಯೆ. ನನ್ನನ್ನು ಡಕೋಟಾ ವಿಮಾನವೊಂದಕ್ಕೆ ಜೋಡಿಸಿದರು. ಯುದ್ಧ ಮುಗಿದ ಮೇಲೆ ಆ ವಿಮಾನ ಮುಂಬಯಿಯ ಕಂಪನಿಯೊಂದರ ಪಾಲಾಯಿತು. ಸೈನಿಕರ ಬೆಂಚುಗಳು ಹೋಗಿ ಮೆತ್ತನೆಯ ಸೀಟುಗಳು ಬಂದವು.

ಅಲ್ಲಿ ನನಗೆ ಸಿಕ್ಕ ಯಜಮಾನ ಕೊಡಗಿನ ಕ್ಯಾಪ್ಟನ್ ಮಾಚಯ್ಯ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಧೈರ್ಯ. ಅವರ ಪಕ್ಕದ ಸೀಟಿಗೆ ಒಂದು ದಿನ ವಾರಿಜಾ ಬಂದಳು. ಮೂಲ್ಕಿಯವಳು, ಹಾಯಿದೋಣಿಗಳ ಒಡೆಯನ ಮಗಳು. ಹೆಣ್ಣುಮಗಳು ವಿಮಾನ ಹಾರಿಸುವುದನ್ನು ನೋಡಲೆಂದೇ ಜನ ಬೇಲಿಯ ಆಚೆ ನಿಲ್ಲುತ್ತಿದ್ದ ಕಾಲ ಅದು. ಅವಳು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಮೊದಲ ದಿನವೇ, ಕೊರಳಿಗೆ ಸೆರಗಿನಂತೆ ಸುತ್ತಿದ್ದ ಬಟ್ಟೆಯ ತುದಿಯಿಂದ ನನ್ನ ಗಾಜನ್ನು ಒರೆಸಿದಳು. ಅದುವರೆಗೆ ಯಾರೂ ಒರೆಸಿರಲಿಲ್ಲ.

ಅವಳ ರೀತಿಯೇ ಬೇರೆ. ಮಾಚಯ್ಯನವರು ಕಿಟಕಿಯಿಂದ ನೋಡಿ ಕರಾವಳಿಯ ಗುರುತು ಹಿಡಿದು ಹಾರುವವರು. ಈ ನದಿ ಶರಾವತಿ, ಆ ದ್ವೀಪ ನೇತ್ರಾಣಿ, ಇನ್ನೇನು ಮಲ್ಪೆ. ವಾರಿಜಾ ಅದನ್ನೂ ನೋಡುತ್ತಿದ್ದಳು. ಆದರೆ ತೊಡೆಯ ಮೇಲೆ ನಕ್ಷೆ ಹಾಸಿ, ಪೆನ್ಸಿಲ್ ಹಿಡಿದು ಲೆಕ್ಕವನ್ನೂ ಹಾಕುತ್ತಿದ್ದಳು. ಯಾವ ದಿಕ್ಕು, ಎಷ್ಟು ವೇಗ, ಎಷ್ಟು ಹೊತ್ತಾಯಿತು, ಗಾಳಿ ಎತ್ತ ತಳ್ಳಿತು? ಇವಿಷ್ಟು ಗೊತ್ತಿದ್ದರೆ ಕಣ್ಣು ಕಟ್ಟಿದರೂ ನಾವಿರುವ ಜಾಗ ಹೇಳಬಹುದು ಎನ್ನುವಳು.

"ಮುಳ್ಳು ತೋರಿಸ್ತದಲ್ಲಾ, ಮತ್ತೆ ಈ ಗೀಚಾಟ ಏನಕ್ಕೆ?" ಎಂದು ಮಾಚಯ್ಯನವರು ನಗುವರು.

"ಮುಳ್ಳೂ ಬೇಕು, ಲೆಕ್ಕವೂ ಬೇಕು ಸರ್. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಯಾರು ನಂಬ್ತಾರೆ?"

ಒಂದು ಮೇ ತಿಂಗಳ ಮಧ್ಯಾಹ್ನ ತುಂಬಿದ ವಿಮಾನದೊಂದಿಗೆ ಮುಂಬಯಿಯಿಂದ ಮಂಗಳೂರಿಗೆ ಹೊರಟಿದ್ದೆವು. ಕಾರವಾರ ದಾಟಿದ್ದೇ ತಡ, ಮೋಡ ಮುಚ್ಚಿಕೊಂಡಿತು. ಕಿಟಕಿಯ ಹೊರಗೆ ಹಾಲಿನಲ್ಲಿ ಅದ್ದಿದಂತೆ ಬಿಳುಪು. ನದಿಯಿಲ್ಲ, ದ್ವೀಪವಿಲ್ಲ. ಮಾಚಯ್ಯನವರ ಕಣ್ಣಿಗೆ ಕೆಲಸವಿಲ್ಲದಾಯಿತು. ಅವರು ನನ್ನನ್ನು ನೋಡಿದರು.

ನನ್ನ ಮುಳ್ಳು ವಿಮಾನದ ಮೂತಿಯ ನೇರಕ್ಕೆ, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯ ಕೇಂದ್ರದ ಕಡೆಗಿತ್ತು. ಇದ್ದಕ್ಕಿದ್ದಂತೆ ನಡುಗಿ, ಎಡಕ್ಕೆ ವಾಲಿ, ಅಲ್ಲೇ ನಿಂತಿತು.

"ಬಜಪೆ ಎಡಕ್ಕೆ ಬಂತು," ಎಂದರು ಮಾಚಯ್ಯ. "ಸಮುದ್ರದ ಕಡೆಗೆ ಸರಿದುಬಿಟ್ಟಿದ್ದೇವೆ. ತಿರುಗಿಸ್ತೇನೆ, ಇಳಿಯೋಣ."

ವಾರಿಜಾ ನಕ್ಷೆಯಿಂದ ತಲೆಯೆತ್ತಿದಳು. ಮುಖ ಬಿಳಿಚಿತ್ತು. "ಬೇಡ ಸರ್."

"ಏನು ಬೇಡ?"

"ಗಾಳಿ ಪಡುವಣದ್ದು. ನಮ್ಮನ್ನು ಸಮುದ್ರಕ್ಕೆ ತಳ್ಳುವುದು ಹೇಗೆ? ತಳ್ಳಿದರೆ ಘಟ್ಟದ ಕಡೆಗೇ ತಳ್ಳಬೇಕು. ನನ್ನ ಲೆಕ್ಕದಲ್ಲಿ ಬಜಪೆ ಇನ್ನೂ ಮುಂದುಂಟು. ಎಡಕ್ಕೆ ಇರೋದು ಕುದುರೆಮುಖ."

"ಮುಳ್ಳು ಸುಳ್ಳು ಹೇಳ್ತದಾ?"

"ಸುಳ್ಳಲ್ಲ ಸರ್. ಅದು ಮಿಂಚನ್ನು ತೋರಿಸ್ತಾ ಉಂಟು. ಹೆಡ್‌ಫೋನ್ ಹಾಕಿ ಕೇಳಿ, ಬಜಪೆಯ ಅಕ್ಷರ ಕೇಳ್ತದಾ?"

ಪ್ರತಿ ಕೇಂದ್ರವೂ ತನ್ನ ಹೆಸರಿನ ಅಕ್ಷರಗಳನ್ನು ಮೋರ್ಸ್ ಸಂಕೇತದಲ್ಲಿ ಕೂಗಿಕೊಳ್ಳುತ್ತಲೇ ಇರುತ್ತದೆ. ಮಾಚಯ್ಯನವರು ಕಿವಿಗೊಟ್ಟರು. ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ ಸದ್ದು, ಅಷ್ಟೇ. ಅವಳು ಹೇಳಿದ್ದು ನಿಜ. ಘಟ್ಟದ ಮೇಲೆ ಸಿಡಿಯುತ್ತಿದ್ದ ಗುಡುಗಿನ ಮೋಡವೂ ನನ್ನ ಪಾಲಿಗೆ ಒಂದು ಪ್ರಸಾರ ಕೇಂದ್ರವೇ. ಬಲವಾದ ಅಲೆ ಎತ್ತಣಿಂದ ಬಂತೋ ಅತ್ತ ತಿರುಗುವುದಷ್ಟೇ ನನ್ನ ಜಾಯಮಾನ. ಅದು ಬಜಪೆಯದೋ ಸಿಡಿಲಿನದೋ ಎಂದು ವಿವೇಚಿಸುವ ಬುದ್ಧಿಯನ್ನು ನನ್ನೊಳಗೆ ಯಾರೂ ಇಟ್ಟಿರಲಿಲ್ಲ.

ಮಾಚಯ್ಯನವರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕಿರಿಯಳ ಮಾತು ಕೇಳಿ ಅದು ತಪ್ಪಾದರೆ, ಇರುವ ಇಂಧನವೆಲ್ಲ ಸಮುದ್ರದ ಮೇಲೆ ಖಾಲಿ. ಕೇಳದೆ ಹೋಗಿ ಅವಳು ಸರಿಯಾಗಿದ್ದರೆ, ಎದುರಿಗೆ ಬಂಡೆ. ವಾರಿಜಾ ನಕ್ಷೆಯ ಮೇಲೆ ಬಜಪೆಯ ಕಡೆಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು.

"ಹಾಗಾದ್ರೆ ಎತ್ತ ಹೋಗಲಿ? ಹೇಳು."

"ಸ್ವಲ್ಪ ಬಲಕ್ಕೆ. ಸಮುದ್ರದ ಮೇಲೆ ಹೋಗಿ ಮೋಡದ ಕೆಳಕ್ಕೆ ಇಳಿಯೋಣ. ಅಲ್ಲಿ ಢಿಕ್ಕಿ ಹೊಡೆಯಲಿಕ್ಕೆ ಗುಡ್ಡ ಇಲ್ಲ."

ಮಾಚಯ್ಯನವರು ಬಲಕ್ಕೆ ತಿರುಗಿಸಿದರು. ಆ ಒಂದು ತಿರುವಿಗಾಗಿ ಅವರ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು. ಹಿರಿತನವನ್ನು ಬದಿಗಿಟ್ಟು ವಿಮಾನ ತಿರುಗಿಸುವುದು ಬಿರುಗಾಳಿಯಲ್ಲಿ ಹಾರುವುದಕ್ಕಿಂತ ಕಷ್ಟ.

ಬಹಳ ಹೊತ್ತು ಬರೀ ಬಿಳುಪು. ಆಮೇಲೆ ಮೋಡ ಹರಿದು, ಕೆಳಗೆ ಬೂದುಬಣ್ಣದ ಸಮುದ್ರ ಕಂಡಿತು. ಚಟಪಟ ಸದ್ದಿನ ನಡುವಿನಿಂದ ತೆಳ್ಳಗೆ ಬಜಪೆಯ ಅಕ್ಷರಗಳು ಕೇಳಿಬಂದವು. ನನ್ನ ಮುಳ್ಳು ಎರಡು ಸಲ ತೂಗಾಡಿ, ಮುಂದೆ ಎಡಕ್ಕೆ ತಿರುಗಿ ನಿಂತಿತು. ವಾರಿಜಾ ಪೆನ್ಸಿಲಿನಿಂದ ಗೆರೆ ಎಳೆದಿದ್ದ ಕಡೆಗೇ. ತಣ್ಣೀರುಬಾವಿಯ ಮರಳ ದಂಡೆ ಕಂಡಿತು, ಎರಡು ನದಿಗಳು ಕೂಡಿ ಸಮುದ್ರ ಸೇರುವ ಅಳಿವೆ ಕಂಡಿತು. "ಇನ್ನು ನನ್ನ ಕೆಲಸ," ಎಂದು ಮಾಚಯ್ಯನವರು ಆ ಮಧ್ಯಾಹ್ನ ಮೊದಲ ಸಲ ನಕ್ಕರು.

ಇಳಿದ ಮೇಲೆ ಮುದುಕರೊಬ್ಬರು ಕಾಕ್‌ಪಿಟ್ಟಿನೊಳಗೆ ಇಣುಕಿ ರೇಗಿದರು. "ಎಂತ ಮಗಾ, ತಡ ಮಾಡಿದ್ರಲ್ಲಾ! ಮಂಗ್ಳೂರಿಗೆ ಟಿಕೇಟು ತೆಗೊಂಡ್ರೆ ಸಮುದ್ರ ಸುತ್ತಿಸೋದಾ?"

"ಇವತ್ತು ಸಮುದ್ರ ಚೆಂದ ಉಂಟಲ್ಲ ಅಜ್ಜ, ಹಾಗೆ ತೋರಿಸಿದ್ದು," ಎಂದಳು ವಾರಿಜಾ. ಅವರು ಮೆಟ್ಟಿಲಿಳಿದು ಹೋದ ಮೇಲೆ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಕೂತಳು.

ವರ್ಷಗಳು ಉರುಳಿದವು. ದಿಕ್ಕಿನ ಜೊತೆಗೆ ದಾರಿಯ ಗೆರೆಯನ್ನೇ ಹಾಕಿಕೊಡುವ, ಮಿಂಚಿಗೆ ಮರುಳಾಗದ ಹೊಸ ಉಪಕರಣಗಳು ಬಂದವು; ಇನ್ನೆಷ್ಟು ದೂರ ಎಂದು ಹೇಳುವವೂ ಬಂದವು. ನನಗಿಂತ ಜಾಣ ಮಕ್ಕಳು, ಒಪ್ಪುತ್ತೇನೆ. ಡಕೋಟಾವನ್ನು ಗುಜರಿಗೆ ಎಳೆದರು. ಬೆಂಗಳೂರಿನ ಹೊರವಲಯದ ಹಾರಾಟ ಶಾಲೆಯೊಂದರಲ್ಲಿ ಆಗ ಶಿಕ್ಷಕಿಯಾಗಿದ್ದ ವಾರಿಜಾ ಸುದ್ದಿ ಕೇಳಿ ಬಂದು, ತಂತಿ ಕತ್ತರಿಸಿದ್ದ ನನ್ನನ್ನು ಮಡಿಲಲ್ಲಿಟ್ಟುಕೊಂಡು ಹೋದಳು. ಅವಳ ಪಾಠದ ಕೋಣೆಯ ಮೇಜೇ ನನ್ನ ನಿವೃತ್ತಿಯ ಮನೆ.

ಆ ಕೋಣೆಯಲ್ಲಿ ಕಂಡದ್ದೊಂದನ್ನು ಹೇಳಿ ಮುಗಿಸುತ್ತೇನೆ. ಭಟ್ಕಳದ ನಫೀಸಾ ಎಂಬ ವಿದ್ಯಾರ್ಥಿನಿ ಮೊದಲ ಸಲ ಒಬ್ಬಳೇ ಬಳ್ಳಾರಿಗೆ ಹಾರಿದ್ದಳು. ತಲುಪಬೇಕಾದ ಹೊತ್ತು ಮೀರಿತು. ದಾರಿಯಲ್ಲಿ ಧೂಳು ಮುಸುಕಿದೆ ಎಂದು ಸುದ್ದಿ. ವಾರಿಜಾ ಕೂರಲಿಲ್ಲ. ಫೋನಿನ ಪಕ್ಕದಲ್ಲಿ ನಿಂತೇ ಇದ್ದಳು. ಕೊನೆಗೂ ಅದು ಬಡಿದುಕೊಂಡಿತು.

"ಮೇಡಂ, ಬಳ್ಳಾರಿಯಲ್ಲಿದ್ದೇನೆ," ನಫೀಸಾಳ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ದಾರಿ ತಪ್ಪಿತ್ತು. ಗಾಳಿ ಪಡುವಣಕ್ಕೆ ತಳ್ಳಿಬಿಟ್ಟಿತು. ಕೆಳಗೆ ದೊಡ್ಡ ನೀರು ಕಂಡಿತು, ತುಂಗಭದ್ರೆಯ ಅಣೆಕಟ್ಟು ಅಂತ ಗೊತ್ತಾಯ್ತು. ಅಲ್ಲಿಂದ ರೈಲು ಹಳಿ ಹಿಡ್ಕೊಂಡು ಮೂಡಣಕ್ಕೆ ಬಂದೆ. ತಪ್ಪಾಯ್ತು ಮೇಡಂ."

"ದಾರಿ ತಪ್ಪಿದ್ದು ಯಾವಾಗ ಗೊತ್ತಾಯ್ತು ನಿಂಗೆ?"

"ಲೆಕ್ಕದ ಪ್ರಕಾರ ಕಾಣ್ಬೇಕಾದ ಊರು ಕಾಣ್ಲಿಲ್ಲ. ಆಗ್ಲೇ."

"ಆಗ್ಲೇ ಒಪ್ಪಿಕೊಂಡ್ಯಾ?"

"ಹೌದು ಮೇಡಂ."

"ಹಾಗಾದ್ರೆ ತಪ್ಪೆಂತದು ಮಾರಾಯ್ತಿ? ಊಟ ಮಾಡಿ ಹೊರಡು."

ಫೋನಿಟ್ಟು ವಾರಿಜಾ ಬೆಂಚಿನ ಮೇಲೆ ಕುಸಿದಳು. ಕಣ್ಣು ತುಂಬಿತ್ತು, ಮುಖ ಅರಳಿತ್ತು. ಆಕಾಶವನ್ನು ಬಲ್ಲ ಯಂತ್ರಗಳನ್ನು ನಾನು ಬಹಳ ನೋಡಿದ್ದೇನೆ. ತಾನೆಲ್ಲಿದ್ದೇನೆಂದು ತನಗೆ ತಿಳಿಯದು ಎಂದು ಹೊತ್ತಿಗೆ ಸರಿಯಾಗಿ ಹೇಳಬಲ್ಲ ಯಂತ್ರವನ್ನು ಮಾತ್ರ ಒಂದನ್ನೂ ಕಾಣಲಿಲ್ಲ. ಆ ವಿದ್ಯೆ ಅಂದು ಬಳ್ಳಾರಿಯಲ್ಲಿ ಊಟಕ್ಕೆ ಕೂತಿತ್ತು.