ಬಿಸಿಲ ಕೋಣೆಯ ಮಂಚ

ಹಿಮಗಾಳಿ ಬೀಸುತ್ತಿದ್ದ ಒಂದು ಸಂಜೆ ಒಟಿಲಿ ಅಜ್ಜಿ, ದಾರಿ ತಪ್ಪಿ ಬಂದ ಇಬ್ಬರು ಚಾರಣಿಗರಿಗೆ ತನ್ನ ಹಾಸಿಗೆ ಬಿಟ್ಟುಕೊಟ್ಟು ತಾನು ಹೋಗಿ ಅಟ್ಟದಲ್ಲಿ ಮಲಗಿದಳಂತೆ. ಮರುವರ್ಷ ಅವರು ಗೆಳೆಯರನ್ನೂ ಕಟ್ಟಿಕೊಂಡು ಬಂದರು. ಟಿರೋಲ್ ಬೆಟ್ಟಗಳ ನಡುವಿನ ಗಾಮ್ಸೆಗ್ ಅತಿಥಿಗೃಹ ಶುರುವಾದದ್ದು ಹಾಗೆ. ಆ ಮನೆಯ ಹೆಂಗಸರ ಗ್ರಹಚಾರ ಶುರುವಾದದ್ದೂ ಹಾಗೆಯೇ.

ಅಂದಿನಿಂದ ಸೀಸನ್ ಬಂತೆಂದರೆ ಮನೆಯವರ ಹಾಸಿಗೆಗಳೆಲ್ಲ ಅತಿಥಿಗಳಿಗೆ, ಮನೆಯವರು ಅಟ್ಟಕ್ಕೆ. ಕಣಿವೆಯಲ್ಲಿ ಬೇರೆ ಮನೆಗಳಲ್ಲೂ ಈ ರೂಢಿ ಇತ್ತು, ಆದರೆ ಗಾಮ್ಸೆಗ್‌ನವರು ಅದನ್ನು ವ್ರತದ ಹಾಗೆ ಹಿಡಿದರು. ಒಟಿಲಿಯ ಸೊಸೆ ಕ್ರೆಸೆನ್ಸ್ ತವರಿನಿಂದ ಹೂಬಳ್ಳಿ ಬರೆದ ಮಂಚ ತಂದಿದ್ದಳು. ಅದನ್ನು ಬಿಸಿಲು ಬೀಳುವ ಕೋಣೆಯಲ್ಲಿ ಹಾಕಿದರು. ಅತಿಥಿಗಳು ಮೊದಲು ಕೇಳುತ್ತಿದ್ದದ್ದೂ ಆ ಕೋಣೆಯನ್ನೇ. ಹಿಮ ಕರಗಿ ಎಲ್ಲೆಲ್ಲೂ ಕೆಸರಾಗಿ, ಯಾರೂ ಈ ಕಡೆ ತಲೆ ಹಾಕದ ದಿನಗಳಲ್ಲಷ್ಟೇ ಅವಳಿಗೆ ತನ್ನ ಮಂಚ ಸಿಗುತ್ತಿತ್ತು. ಅವಳ ಮಗಳು ಆಫ್ರಾ ಹುಟ್ಟಿದ್ದು ಅಟ್ಟದಲ್ಲಿ. ಕ್ರೆಸೆನ್ಸ್‌ಳ ಗಂಡ ಸತ್ತದ್ದೂ ಅಟ್ಟದಲ್ಲೇ, ಫೆಬ್ರವರಿ ತಿಂಗಳಲ್ಲಿ, ಮನೆ ತುಂಬಿ ತುಳುಕುತ್ತಿದ್ದಾಗ. ಕೆಳಗೆ ಅತಿಥಿಗಳು ಅಕಾರ್ಡಿಯನ್‌ಗೆ ಕುಣಿಯುತ್ತಿದ್ದರು. ಅವರ ರಜೆ ಕೆಡಬಾರದೆಂದು ಕ್ರೆಸೆನ್ಸ್ ಮುಖ ತೊಳೆದುಕೊಂಡು ಇಳಿದು ಬಂದು, ನಗುನಗುತ್ತಾ ಬಾರ್ಲಿ ಸೂಪು ಬಡಿಸಿದಳು. ಆ ನಗುವನ್ನು ಆಫ್ರಾ ನೋಡಿದಳು. ಅಮ್ಮನನ್ನಂತೂ ಹೀಗೆ ಸಾಯಲು ಬಿಡುವುದಿಲ್ಲ, ಅವಳ ಮಂಚದ ಮೇಲೆಯೇ ಕಳಿಸಿಕೊಡುತ್ತೇನೆ ಎಂದು ಅವತ್ತೇ ನಿಶ್ಚಯಿಸಿಕೊಂಡಳು.

ಈಗ ಕ್ರೆಸೆನ್ಸ್‌ಳ ಸರದಿ ಬಂದಿತ್ತು. ಬಂದದ್ದಾದರೂ ಯಾವಾಗ, ಇನ್ನೊಂದು ಹಾಳು ಫೆಬ್ರವರಿಯಲ್ಲಿ. ವಾರ ದಾಟುವುದು ಕಷ್ಟ ಎಂದು ಡಾಕ್ಟರು ಕೈಚೆಲ್ಲಿದರು. ಬಿಸಿಲ ಕೋಣೆಯಲ್ಲಿ ಬ್ರಾಂಡೆಸ್ ದಂಪತಿ ಇಳಿದುಕೊಂಡಿದ್ದರು. ಜರ್ಮನಿಯವರು, ಮೂವತ್ತು ವರ್ಷದಿಂದ ಒಂದು ಚಳಿಗಾಲವೂ ತಪ್ಪಿಸದೆ ಬಂದವರು. ಅಂಥ ಖಾಯಂ ಅತಿಥಿಗಳಿಗೆ ಊರಿನವರು ವಾದ್ಯ ಊದಿಸಿ, ಎದೆಗೆ ಪದಕ ಚುಚ್ಚಿ ಸನ್ಮಾನ ಮಾಡುತ್ತಾರೆ. ಅದೂ ಅದೇ ವಾರ ನಿಗದಿಯಾಗಿತ್ತು. ಅಷ್ಟೂ ವರ್ಷ ಅಟ್ಟ ಹತ್ತಿ ಇಳಿದವಳ ಎದೆಗೆ ಏನು ಚುಚ್ಚುತ್ತಾರೋ, ಅದನ್ನು ಯಾರೂ ಕೇಳಲಿಲ್ಲ.

ಮನೆಯ ಕಾರುಬಾರು ಈಗ ಆಫ್ರಾಳ ಮಗಳು ವೆರೋನಿಕಾಳದ್ದು. ಕೆಟ್ಟವಳಲ್ಲ, ಆದರೆ ಹೆದರಿಕೆಯವಳು. ಬಿಸಿಲ ಕೋಣೆ ಬಿಡಿಸು ಎಂದು ತಾಯಿ ಹೇಳಿದಾಗ, ಒಂದು ಮೂಲೆಯೂ ಖಾಲಿಯಿಲ್ಲ, ಖಾಯಂ ಅತಿಥಿಗಳನ್ನು ಎಬ್ಬಿಸಿದರೆ ಊರಿನವರು ಮುಖಕ್ಕೆ ಉಗಿಯುತ್ತಾರೆ ಎಂದು ಗೋಗರೆದಳು.

"ಅಜ್ಜೀನೇ ಒಪ್ಪಲ್ಲ ಅಮ್ಮ. ಬೇಕಾದ್ರೆ ಕೇಳಿ ನೋಡು."

"ಒಪ್ಪಲ್ಲ ಅಂತ ನಂಗೂ ಗೊತ್ತು ಕಣೇ. ಅದಕ್ಕೇ ಕೇಳಲ್ಲ," ಎಂದ ಆಫ್ರಾ ನೇರ ಹೋಗಿ ಬಿಸಿಲ ಕೋಣೆಯ ಬಾಗಿಲು ತಟ್ಟಿದಳು.

ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೋಗಿದ್ದಳು. ಜಗಳವೇ ಆಗಲಿಲ್ಲ. ವಿಷಯ ಕೇಳಿ ಬ್ರಾಂಡೆಸ್‌ನ ಹೆಂಡತಿ ಮಂಚದಿಂದ ತಟ್ಟನೆ ಎದ್ದು ನಿಂತಳು. "ಇದು ಅವರ ಮಂಚನಾ? ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಹೇಳಬಾರದಿತ್ತೇನ್ರೀ?" ಎಂದಳು. ಗಂಡ ಆಗಲೇ ಪೆಟ್ಟಿಗೆ ಎಳೆದುಕೊಂಡು ಬಟ್ಟೆ ತುಂಬತೊಡಗಿದ್ದ. ಊಟದ ಹೊತ್ತಿಗೆಲ್ಲ ಇಬ್ಬರೂ ಕೆಳಗಿನ ಊರಿನ ಹೋಟೆಲಿಗೆ ಹೊರಟುಹೋದರು. ಪದಕ ಬೇಡವೆಂದೂ ಹೇಳಿ ಕಳಿಸಿದರು.

ಔಷಧಿಯ ಮಂಪರಿನಲ್ಲಿದ್ದ ಕ್ರೆಸೆನ್ಸ್‌ಳನ್ನು ತಾಯಿ ಮಗಳು ಎತ್ತಿಕೊಂಡು ಬಂದು ಮಂಚದ ಮೇಲೆ ಮಲಗಿಸಿದರು. ಎಚ್ಚರವಾದಾಗ ಅವಳ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಕೈ ಚಾಚಿ ಹೂಬಳ್ಳಿಯನ್ನು ಮುಟ್ಟಿದಳು. ಆಫ್ರಾ ಪರದೆಯನ್ನು ಇನ್ನಷ್ಟು ಸರಿಸಿದಳು.

"ಕೆಸರು ಶುರುವಾಯ್ತಾ?" ಎಂದು ಕೇಳಿದಳು ಮುದುಕಿ.

"ಇಲ್ಲಮ್ಮ, ಇನ್ನೂ ಫೆಬ್ರವರಿ."

ಬ್ರಾಂಡೆಸ್‌ನವರು ಎಲ್ಲಿ ಎಂದು ಕೇಳಿದಳು. ಆಫ್ರಾ ಸುಳ್ಳು ಹೇಳಲಿಲ್ಲ. ಅಮ್ಮ ಬೈಯುತ್ತಾಳೆ, ಬೈದರೆ ಬೈಯಲಿ ಎಂದು ಕಾದಳು. ಕ್ರೆಸೆನ್ಸ್ ಬೈಯಲಿಲ್ಲ.

"ಹೋಗು ಅಂದ್ರೆ ಹೋಗ್ಬಿಟ್ರಾ?"

"ಹ್ಞೂಂ. ಒಂದೇ ಮಾತಿಗೆ. ಪಾಪ, ಅವರೇ ಬೇಜಾರು ಮಾಡ್ಕೊಂಡ್ರು."

ಮುದುಕಿ ಸೂರು ನೋಡುತ್ತಾ ಮೆಲ್ಲಗೆ, ತನ್ನನ್ನೇ ಕೇಳಿಕೊಳ್ಳುವಂತೆ ಅಂದಳು: "ನಿಮ್ಮಪ್ಪ ಕೊನೇ ದಿನ ಬಿಸಿಲು ಬೇಕು, ಬಿಸಿಲು ಬೇಕು ಅಂದ್ರು. ಒಂದೇ ಮಾತಲ್ಲಿ ಆಗೋದಿತ್ತಾ? ಹಾಗಾದ್ರೆ ಅವರನ್ನ ಯಾಕೆ ಆ ಕತ್ತಲಲ್ಲಿ ಸಾಯೋಕೆ ಬಿಟ್ಟೆ ನಾನು?"

ಒಳ್ಳೆಯದು ಮಾಡಲು ಹೋಗಿ ಆಫ್ರಾ ಸಾಯುವವಳ ಎದೆಗೆ ತಾನೇ ಕೊಳ್ಳಿ ಇಟ್ಟಿದ್ದಳು. ಆಗ ಬೇರೆ ಕಾಲ ಅಮ್ಮ, ಆಗಿನ ಜನ ಬೇರೆ ಎಂದು ಏನೇನೋ ಹೇಳಿದಳು. ಕ್ರೆಸೆನ್ಸ್ ಕೇಳಿಸಿಕೊಳ್ಳಲಿಲ್ಲ.

"ನನ್ನನ್ನ ಅಟ್ಟಕ್ಕೆ ಕರ್ಕೊಂಡು ಹೋಗು."

"ಬೇಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ."

"ಇಲ್ಲಿ ಮಲಗೋಕೆ ಯಾವ ಮುಖ ಇದೆ ನಂಗೆ? ಕರ್ಕೊಂಡು ಹೋಗೇ."

ಸಂಜೆಯೊಳಗೆ ಅವಳನ್ನು ಮತ್ತೆ ಅಟ್ಟಕ್ಕೆ ಹೊತ್ತರು. ಗಂಡ ಪ್ರಾಣ ಬಿಟ್ಟ ಜಾಗದಲ್ಲೇ ಹಾಸಿಸಿಕೊಂಡು ಮಲಗಿದಳು, ಮಗಳ ಜೊತೆ ಮತ್ತೆ ಒಂದು ಮಾತೂ ಆಡಲಿಲ್ಲ. ಎರಡನೆಯ ದಿನ ಸತ್ತಳು. ಆ ವಾರವೆಲ್ಲ ಬಿಸಿಲ ಕೋಣೆಯ ಮಂಚದ ಮೇಲೆ ಯಾರೂ ಮಲಗಲಿಲ್ಲ.