ಎರಡು ತೊಟ್ಟಿ, ಒಂದೇ ನೀರು

ಕೈಯಲ್ಲಿ ಏನೂ ಇಲ್ಲದಿದ್ದಾಗಲೂ ತುಂಬಿದ ತಟ್ಟೆಯೊಂದನ್ನು ಹಿಡಿದವರಂತೆ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಹೆಜ್ಜೆಯ ಸದ್ದನ್ನೂ ಅಳೆದು ಇಡುವ ನಡಿಗೆ ನಮ್ಮ ಅತ್ತಿಗೆಯದು. ಮೂವತ್ತು ವರ್ಷ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು. ರೋಗಿಯ ಹೊಟ್ಟೆ ಹೊಲಿಯುವ ಮುನ್ನ ಹತ್ತಿ, ಕತ್ತರಿ, ಇಕ್ಕಳ ಎಲ್ಲವನ್ನೂ ಎಣಿಸಿ, ಎಣಿಕೆ ಸರಿಬಂದರೂ "ಇನ್ನೊಂದ್ಸಲ" ಎನ್ನುತ್ತಿದ್ದರಂತೆ. ಘಟಾನುಘಟಿ ಸರ್ಜನ್ನರೂ ಸೂಜಿ ಹಿಡಿದು ಕಾಯಬೇಕಿತ್ತಂತೆ. ನಿವೃತ್ತಿಯಾದ ಮೇಲೂ ಥಿಯೇಟರಿನ ಆ ಮಾಸಲು ಹಸಿರು ಗೌನನ್ನು ಅವರು ಬಿಡಲಿಲ್ಲ. ಅದನ್ನು ತೊಟ್ಟರೆಂದರೆ ಮನೆಯಲ್ಲಿ ಯಾರೂ ಎದುರಾಡುವಂತಿರಲಿಲ್ಲ.

ಅವರ ಹಜಾರದಲ್ಲಿ ಹನ್ನೊಂದು ವರ್ಷದ ಉಪ್ಪುನೀರಿನ ಅಕ್ವೇರಿಯಂ ಇತ್ತು. ಹವಳಗಳು ನೋಡಲು ಹೂವಿನಂತಿದ್ದರೂ ಜಾಗಕ್ಕಾಗಿ ನೆರೆಹೊರೆಯೊಡನೆ ಕಾದಾಡುವ ಜೀವಿಗಳು. ಆ ವರ್ಷ ಉದ್ದ ಎಳೆಗಳ ಹವಳವೊಂದು ಪಕ್ಕದ ಹಸಿರು ಹವಳವನ್ನು ಕುಟುಕಿ ಕುಟುಕಿ, ಅದರ ಮಾಂಸ ಸರಿದು ಬಿಳಿಯ ಎಲುಬು ಇಣುಕತೊಡಗಿತು. ಮೂರು ದಿನ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತ ಅತ್ತಿಗೆ ನಾಲ್ಕನೆಯ ದಿನ ಇನ್ನೊಂದು ಚಿಕ್ಕ ತೊಟ್ಟಿ ತಂದರು. ಸೊರಗಿದ ಜೀವ ಹೊಸ ನೀರನ್ನು ತಾಳಲಾರದು. ಹಳೆಯ ನೀರೇ ಎರಡರಲ್ಲೂ ಹರಿಯಬೇಕು. ಆದರೆ ಒಂದೇ ನೀರೆಂದರೆ ಒಂದೇ ಹಣೆಬರಹ: ಒಂದು ಕೆಟ್ಟರೆ ಎರಡೂ ಕೆಟ್ಟಂತೆ.

"ಎರಡು ಪೈಪ್ ಹಾಕಿದ್ರೆ ಮುಗೀತು ಮೇಡಂ," ಎಂದಿದ್ದ ತೊಟ್ಟಿ ಕೊಟ್ಟ ಅಂಗಡಿಯವನು.

"ಕರೆಂಟ್ ಹೋದ್ರೆ?"

"ಬರುತ್ತಲ್ಲ!"

ಮನೆಗೆ ಬಂದವರೇ ಅತ್ತಿಗೆ ಗೌನು ತೊಟ್ಟರು.

ಹಳೆಯ ಅಕ್ವೇರಿಯಂನ ಕೆಳಗೆ, ಕಪಾಟಿನೊಳಗೆ, ನೀರು ಇಳಿದು ಶುದ್ಧವಾಗಿ ಮತ್ತೆ ಮೇಲೇರುವ ತಳತೊಟ್ಟಿಯೊಂದಿತ್ತು. ಹೊಸದಕ್ಕೂ ಅಲ್ಲಿಂದಲೇ ಸಣ್ಣ ಪಂಪಿನಲ್ಲಿ ನೀರೇರಿಸಿ ಅಲ್ಲಿಗೇ ಇಳಿಸುವುದೆಂದು ನಿಶ್ಚಯವಾಯಿತು. ಆದರೆ ಮೊದಲ ಪರೀಕ್ಷೆ ಹಳೆಯದನ್ನು ಮುಟ್ಟದೆ, ಕೆಳಗೊಂದು ಟಬ್ ಇಟ್ಟು, ಬರಿಯ ನಲ್ಲಿನೀರಿನಲ್ಲಿ. ಅವರ ಗಂಡ, ಎಂದರೆ ಡ್ರಾಯಿಂಗ್ ಮೇಷ್ಟ್ರಾದ ನನ್ನಣ್ಣ, ಅಪ್ಪಣೆಯಂತೆ ಸ್ವಿಚ್ ಆರಿಸಿದ. ಪಂಪ್ ನಿಂತಿತು, ನೀರು ನಿಲ್ಲಲಿಲ್ಲ. ಏರಿದ ಪೈಪಿನಲ್ಲೇ ಹಿಂದಕ್ಕೆ ಸೆಳೆದುಕೊಂಡು, ಟಬ್ ತುಂಬಿ, ಹಜಾರವೆಲ್ಲ ಹರಡಿ, ಶಾಲೆಯ ಮಕ್ಕಳ ಚಿತ್ರಗಳ ಕಟ್ಟನ್ನು ತೋಯಿಸಿತು.

"ಸಾಕು ಕಣೇ, ಬಿಟ್ಬಿಡು. ಒಂದು ಹವಳಕ್ಕೆ ಇಷ್ಟೆಲ್ಲಾನಾ?"

"ಒದ್ದೆಯಾಗಿದ್ದು ನೆಲ ಕಣ್ರೀ, ಒರೆಸಿದ್ರೆ ಹೋಗುತ್ತೆ. ಇನ್ನೊಂದ್ಸಲ."

ನೀರೇರುವ ಪೈಪಿನ ಬಾಯಿಯ ಬಳಿ, ಮೇಲಿನ ತೊಟ್ಟಿಯ ನೀರಿನ ಮಟ್ಟಕ್ಕಿಂತ ಒಂದೆಳೆ ಕೆಳಗೆ, ಸಣ್ಣ ತೂತು ಕೊರೆದರು. ನೀರು ಅಲ್ಲಿಗಿಳಿದೊಡನೆ ಗಾಳಿ ಒಳನುಗ್ಗಿ ಸೆಳೆತ ಕಡಿಯಲೆಂದು. ಇಳಿಯುವ ಪೈಪಿಗೆ ಬೇಕೆಂದೇ ಬಟ್ಟೆ ತುರುಕಿ, ಮೇಲಿನ ತೊಟ್ಟಿ ಉಕ್ಕುವುದನ್ನು ಕಣ್ಣಾರೆ ಕಂಡು, ಆಪತ್ತಿಗಿರಲೆಂದು ಇನ್ನೊಂದು ಪೈಪ್ ಜೋಡಿಸಿದರು. ಒಂದಕ್ಕೆ ರೋಗ ಬಂದರೆ ತಕ್ಷಣ ಬೇರ್ಪಡಿಸಲು ವಾಲ್ವುಗಳನ್ನು ಕೂಡಿಸಿದರು. ಅಣ್ಣ ಹದಿನೇಳು ಸಲ ಸ್ವಿಚ್ ಆರಿಸಿದ. ಹನ್ನೆರಡನೆಯದರ ನಂತರ ಗೊಣಗುವುದನ್ನೂ ಬಿಟ್ಟ.

ಒಂದು ಭಾನುವಾರ ಬೆಳಿಗ್ಗೆ ಹೊಸ ತೊಟ್ಟಿಗೆ ಹಳೆಯದರಷ್ಟೇ ಉಪ್ಪಿನ, ಅಷ್ಟೇ ಬೆಚ್ಚಗಿನ ನೀರು ತುಂಬಿ, ವಾಲ್ವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಎರಡನ್ನೂ ಸೇರಿಸಿದರು. ಎಲ್ಲವೂ ಸರಾಗವಾಗಿ ಹರಿಯುತ್ತಿರುವಾಗ ಅತ್ತಿಗೆ ತಾವೇ ಮೇನ್ ಸ್ವಿಚ್ಚಿನತ್ತ ನಡೆದರು.

"ಸರಿಯಾಗೇ ಇದೆಯಲ್ಲೇ, ಈಗ್ಯಾಕೆ?"

"ಸರಿಯಾಗಿದ್ದಾಗ್ಲೇ ನೋಡ್ಬೇಕು."

ಮನೆ ಸ್ತಬ್ಧವಾಯಿತು. ತಳತೊಟ್ಟಿಯಲ್ಲಿ ನೀರು ಏರಿತು, ಏರಿತು, ಅಂಚಿಗೆ ಎರಡು ಬೆರಳು ಇರುವಂತೆ ನಿಂತಿತು. ಅದಾದ ಮೇಲೇ ಅವರು ಹಸಿರು ಹವಳವನ್ನು ಎರಡೂ ಕೈಯಲ್ಲಿ ಎತ್ತಿ ಹೊಸ ತೊಟ್ಟಿಗೆ ಇಳಿಸಿದ್ದು.

ಮುಂದಿನ ತಿಂಗಳು ಇಬ್ಬರೂ ಊರಲ್ಲಿಲ್ಲದ ದಿನ, ಬೆಳಿಗ್ಗೆ ಹೋದ ಕರೆಂಟ್ ಎರಡು ಗಂಟೆ ಬರಲಿಲ್ಲವಂತೆ. ಸಂಜೆ ಮರಳಿದ ಅಣ್ಣ ಚಪ್ಪಲಿ ಬಿಡುವುದನ್ನೂ ಮರೆತು ಓಡಿ, ಬಗ್ಗಿ ನೆಲ ಸವರಿ ನೋಡಿದ, ಒಣಗಿತ್ತು, ಉಪ್ಪಿನ ಕಲೆಯೂ ಇರಲಿಲ್ಲ. ಹವಳದ ಎಲುಬಿನ ಅಂಚಿನಲ್ಲಿ ದಾರದಷ್ಟು ಹೊಸ ಹಸಿರು ಹಬ್ಬಿತ್ತು.

ಇಂಥವರನ್ನು ನಾವು ಪುಕ್ಕಲರೆನ್ನುತ್ತೇವೆ, ಕಾಟವೆನ್ನುತ್ತೇವೆ. ಕೂಗಿ ಹೇಳಲಾರದ ಜೀವಗಳ ಪರವಾಗಿ ಕೇಡನ್ನೆಲ್ಲ ಮುಂಚಿತವಾಗಿ ತಾವೇ ಕಂಡು ಬರುವ ಜನ ಇವರು. ಬಾರದೆ ಹೋದ ಅನಾಹುತಕ್ಕೆ ಸಾಕ್ಷಿಯಿಲ್ಲವಾದ್ದರಿಂದ ಇವರನ್ನು ಹೊಗಳುವವರೂ ಇಲ್ಲ. ಆದರೆ ನಾವು ನಿಶ್ಚಿಂತೆಯಿಂದ ಕಳೆದು ಮರೆತುಬಿಡುವ ಎಷ್ಟೋ ಸಾಧಾರಣ ದಿನಗಳು ಇಂಥವರ ಕೈಕೆಲಸ.